ಆಚೆ ದಡದ ಕೂಗು

ಫೆಬ್ರವರಿ 9

ಅಮ್ಮನಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮೊದಲ ಸಾಲಿಗೇ ನೀನು ಮೂಗು ಮುರಿಯುತ್ತೀ ಎಂದು ಗೊತ್ತು, ಹಾಗಾಗಿ ಕ್ಷೇಮಸಮಾಚಾರ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಫೋನ್ ಮಾಡಲಿಲ್ಲ ಅನ್ನಬೇಡ. ಹೋದ ತಿಂಗಳು ಮಾಡಿದಾಗಲೆಲ್ಲ "ಯಾರದು? ಜೋರಾಗಿ ಹೇಳಿ" ಎಂದು ಕೂಗಿ ನೀನೇ ಫೋನ್ ಇಟ್ಟುಬಿಟ್ಟೆ. ಕೊನೆಯ ಸಲ ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು "ನಾನಮ್ಮಾ, ನಾನು" ಎಂದು ಕಿರುಚಿದ್ದಕ್ಕೆ ಕಾವಲಿನವರು ಓಡಿಬಂದರು.

ಕೊಡಹಕ್ಕಿಯ ಹೆಸರು ನನ್ನ ಮೇಜಿಗೆ ಬಂದಿದೆ. ಯಾವ ಕಾಡುಹಕ್ಕಿ ಕ್ಷೇಮ, ಯಾವುದು ಅಪಾಯದಲ್ಲಿದೆ, ಯಾವುದು ಇನ್ನಿಲ್ಲ ಎಂದು ಕೆಲವು ವರ್ಷಕ್ಕೊಮ್ಮೆ ತೀರ್ಮಾನಿಸುವುದು ನಮ್ಮ ಸಮಿತಿಯ ಕೆಲಸ. ನಿನಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ನೀನೂ ಆ ಕುರ್ಚಿಗಳಲ್ಲಿ ಕೂತು ಜಗಳವಾಡಿದವಳು. ಈವರೆಗೆ ಕೊಡಹಕ್ಕಿಯನ್ನು 'ಅಳಿವಿನ ಅಂಚಿನಲ್ಲಿದೆ' ಎಂದು ಇಟ್ಟಿದ್ದರು. ಈ ಸಲ 'ಅಳಿದಿದೆ' ಎಂದು ಬರೆದು ಮುಗಿಸೋಣ ಎನ್ನುತ್ತಿದ್ದಾರೆ. ಬರಹ ತಯಾರಿಸಬೇಕಾದವಳು ನಾನು. ಸಭೆ ಜೂನ್ ಮೊದಲ ವಾರ.

ಬರೆದ ಮರುದಿನವೇ ನಿನ್ನ ಮನೆಯ ಹಿಂದಿನ ಜೌಗಿಗಿರುವ ರಕ್ಷಣೆ ತಪ್ಪಿಹೋಗುತ್ತದೆ. ಅದನ್ನು ಬತ್ತಿಸಿ ಗೋದಾಮು ಕಟ್ಟುವವರು ನಕ್ಷೆ ಹಿಡಿದು ನಿಂತಿದ್ದಾರೆ. ಹಕ್ಕಿ ಇದ್ದರೆ ನೀರು ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಜೀವಮಾನವೆಲ್ಲ ಹಕ್ಕಿಗಳ ದನಿ ಹಿಡಿದವಳು ನೀನು. ಕೊಡಹಕ್ಕಿಯ ದನಿ ಹಿಡಿದವಳಂತೂ ನೀನೊಬ್ಬಳೇ. ಕೊನೆಯ ಸಲ ಅದನ್ನು ಯಾವಾಗ ಕೇಳಿದೆ? ಅಷ್ಟು ಬರೆದರೆ ಸಾಕು.

ಇಂತಿ,
ನಿನ್ನ ಮಗಳು


ಫೆಬ್ರವರಿ 20

ಮಗಳೇ,

ಎರಡು ವರ್ಷದ ಮೇಲೆ ನಿನಗೆ ನೆನಪಾದದ್ದು ನಾನಲ್ಲ, ಕೊಡಹಕ್ಕಿ. ಇರಲಿ, ಅದರ ನೆಪದಲ್ಲಾದರೂ ಅಕ್ಷರ ಕಂಡೆ.

ಫೋನಿನ ವಿಷಯ ಮೊದಲು ಹೇಳುತ್ತೇನೆ. ನನ್ನ ಕಿವಿ ಹೋಗುತ್ತಿದೆ. ಪೂರ್ತಿ ಅಲ್ಲ, ಮೇಲಿನಿಂದ ಕೆಳಕ್ಕೆ ಹೋಗುತ್ತಿದೆ. ಸಣ್ಣ ದನಿಗಳು ಮೊದಲು ಹೋಗುತ್ತವೆ, ದಪ್ಪ ದನಿಗಳು ಕೊನೆಗೆ ಎಂದರು ಡಾಕ್ಟರು. ಗುಬ್ಬಿ ಹೋಯಿತು, ಗಡಿಯಾರದ ಅಲಾರಂ ಹೋಯಿತು, ಹೆಂಗಸರ ಮಾತು ಹೋಯಿತು. ಪಕ್ಕದ ಔಷಧಿ ಅಂಗಡಿಯವರ ಗಡಸು ದನಿ ಕೇಳಿಸುತ್ತದೆ, ಅವರ ಹೆಂಡತಿ ಸುಮ್ಮನೆ ಬಾಯಿ ಆಡಿಸುತ್ತಾರೆ. ಕಿವಿಯಂತ್ರ ಹಾಕಿದರೆ ಲೋಕವೆಲ್ಲ ತಗಡು ಬಡಿದ ಹಾಗೆ. ಅದನ್ನು ಸಕ್ಕರೆ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ನಿನ್ನದು ಚಿಕ್ಕಂದಿನಿಂದ ಕೀರಲು ದನಿ. ನೀನು ಎಷ್ಟು ಕಿರುಚಿದರೂ ನನಗೆ ಸಿಗುವುದಿಲ್ಲ, ಕಾವಲಿನವರಿಗೆ ತೊಂದರೆ ಕೊಡಬೇಡ.

ಕೊಡಹಕ್ಕಿಯನ್ನು ಕೊನೆಗೆ ಕೇಳಿದ್ದು ನೀನು ಹಾಸ್ಟೆಲಿಗೆ ಹೋದ ವರ್ಷ, ಏಪ್ರಿಲಿನಲ್ಲಿ. ಆಮೇಲೆ ಇಲ್ಲ. ಖಾಲಿ ಕೊಡದ ಬಾಯಿಗೆ ಯಾರೋ ಊದಿದಂಥ ಆ ದಪ್ಪ ಕೂಗು ಇವತ್ತು ಬಂದರೂ ನನಗೆ ಕೇಳಿಸುತ್ತದೆ. ನನಗಾಗಿ ಉಳಿದಿರುವ ಕೆಲವೇ ದನಿಗಳಲ್ಲಿ ಅದೊಂದು.

ಧ್ವನಿಮುದ್ರಿಕೆ ನೀನು ಬಲ್ಲೆ. ನಿನಗೆ ಆಗ ಐದು ವರ್ಷ. ಜೊಂಡಿನ ಮರೆಯಲ್ಲಿ ಕೂತಿದ್ದೆವು. ಹಕ್ಕಿ ಮೂರು ಸಲ ಕೂಗಿತು. ಮೂರನೆಯದು ಮುಗಿಯುತ್ತಿದ್ದ ಹಾಗೇ ನೀನು "ಹೋಯ್ತಾ ಅಮ್ಮಾ?" ಎಂದೆ. ಅದು ನಿಜವಾಗಿಯೂ ಹೋಯಿತು. ಸಂಗ್ರಹಾಲಯಕ್ಕೆ ಕೊಡುವಾಗ ನಿನ್ನ ಮಾತು ಕತ್ತರಿಸಿ ಬರೀ ಕೂಗು ಕೊಟ್ಟೆ. ಕತ್ತರಿಸದ ಕ್ಯಾಸೆಟ್ ಇನ್ನೂ ನನ್ನ ಕಪಾಟಿನಲ್ಲಿದೆ.

ಈಗ ಕಿವಿ ಕೊಟ್ಟು ಕೇಳು. ನಿಮ್ಮ ಹುಡುಗರು ಅದೇ ಧ್ವನಿಯನ್ನು ಸ್ಪೀಕರಿನಲ್ಲಿ ಹಾಕಿ ಹಕ್ಕಿಯನ್ನು ಕರೆಯಬಾರದು. ಕೂಗುವುದು ಗಂಡು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ತಿಳಿದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ, ಇಲ್ಲವೇ ಹೆದರಿ ಆ ವರ್ಷವಿಡೀ ಬಾಯಿ ಬಿಡುವುದಿಲ್ಲ. ಸಮಿತಿಯ ನಿಯಮದಲ್ಲಿ ಅದನ್ನು ಬರೆಸಿದವಳೇ ನಾನು. ಕೂತು ಕೇಳಿ, ಅಷ್ಟೆ. ಕೂತು ಕೇಳುವುದು ನಿನಗೆ ಯಾವತ್ತೂ ಬರಲಿಲ್ಲ, ನಿನ್ನ ಕೈಕೆಳಗಿನವರಿಗಾದರೂ ಬರಲಿ.

ಮಂಡಿ ನೋವು. ಮನೆ ಬಿಟ್ಟು ಕದಲುತ್ತಿಲ್ಲ.

ಇಂತಿ,
ಅಮ್ಮ


ಮಾರ್ಚ್ 6

ಅಮ್ಮ,

ಕಿವಿಯ ವಿಷಯ ಎರಡು ವರ್ಷ ನನಗೆ ಹೇಳಲಿಲ್ಲ. ಕಾಗದ ಓದಿ ಬಹಳ ಹೊತ್ತು ಕುರ್ಚಿಯಲ್ಲಿ ಕೂರಲಾಗದೆ ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಪಕ್ಕದ ಮೇಜಿನವರು "ಏನ್ರೀ, ಚಪ್ಪಲಿ ಸವೆಸೋಕೆ ಸಂಬಳ ತಗೋತೀರಾ?" ಎಂದರು.

ತಂಡ ಜೌಗಿಗೆ ಬಂದಿದೆ. ನಮ್ಮಲ್ಲಿ ಕೊಕ್ಕರೆ ಎಂದು ಕರೆಯುವ ಒಬ್ಬನಿದ್ದಾನೆ. ಎತ್ತರದ ಆಳು, ಕೆಸರಿನಲ್ಲಿ ಒಂಟಿ ಕಾಲಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲ. ಅವನು, ದೋಣಿಯವನು, ಇಬ್ಬರೇ. ಬಡಗಣ ಕಟ್ಟೆಯ ಮೇಲೆ ಕೂತು ಕೇಳುತ್ತಾರೆ. ಜೊಂಡಿನ ನಡುವೆ ಒಂದು ಕಂಬಕ್ಕೆ ತಾನೇ ಧ್ವನಿ ಹಿಡಿಯುವ ಪೆಟ್ಟಿಗೆ ಕಟ್ಟಿದ್ದಾರೆ. ಅದರಲ್ಲಿ ಬಿದ್ದದ್ದು ತಿಂಗಳಿಗೊಮ್ಮೆ ನನ್ನ ಮೇಜಿಗೆ ಬರುತ್ತದೆ. ಸ್ಪೀಕರ್ ಗೀಕರ್ ಇಲ್ಲ. ನಿನ್ನ ನಿಯಮ ನಮಗೆ ಬಾಯಿಪಾಠ.

'ಅಳಿದಿದೆ' ಎಂದು ಬರೆಯುವುದೂ ಅಷ್ಟು ಸುಲಭವಲ್ಲ. ಸರಿಯಾದ ಕಾಲದಲ್ಲಿ, ಸರಿಯಾದ ಜಾಗದಲ್ಲಿ, ಸರಿಯಾದ ರೀತಿಯಲ್ಲಿ ಹುಡುಕಿ, ಕೊನೆಯದೂ ಸತ್ತಿದೆ ಎನ್ನುವುದರಲ್ಲಿ ಅನುಮಾನವೇ ಉಳಿದಿರಬಾರದು. ಈ ಬೇಸಿಗೆಯ ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಆ ಅನುಮಾನವೂ ಹೋಗುತ್ತದೆ. ಅದಕ್ಕೇ ನನಗೆ ನಿದ್ದೆಯಿಲ್ಲ.

ಒಂದು ಮಾತು ಬರೆದು ಹೊಡೆದುಹಾಕಿದೆ, ಮತ್ತೆ ಬರೆಯುತ್ತಿದ್ದೇನೆ. ನನ್ನ ಮಾತು ಕತ್ತರಿಸಿ ಕೊಟ್ಟೆ ಎಂದು ಬರೆದಿದ್ದೀಯಲ್ಲ, ಉಗುರು ಕತ್ತರಿಸಿದೆ ಅನ್ನುವ ಹಾಗೆ. ನನ್ನ ಬಾಲ್ಯವೆಲ್ಲ ಆ ಜೊಂಡಿನ ಮರೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕಳೆಯಿತು. ಕೆಮ್ಮಬಾರದು, ಸೀನಬಾರದು, ಕಾಲು ಆಡಿಸಬಾರದು. ನೀನು ಹಿಡಿದಿಟ್ಟ ಸಾವಿರ ದನಿಗಳಲ್ಲಿ ನನ್ನದು ಒಂದೂ ಇಲ್ಲ. ನನಗೆ ಇದರಿಂದ ನೋವಾಗುತ್ತದೆ ಅಮ್ಮ, ಈಗಲೂ.

ಇಂತಿ,
ನಿನ್ನ ಮಗಳು


ಮಾರ್ಚ್ 19

ಮಗಳೇ,

ನೀರು ಇಳಿದಿದೆ. ತೆಂಕಣ ಪಂಪ್‌ಹೌಸಿನ ಹತ್ತಿರ ಬಣ್ಣದ ಕಂಬ ಹಿಡಿದ ಮೂವರು ಅಳತೆ ಮಾಡುತ್ತಿದ್ದಾರೆ, ಹಕ್ಕಿ ಸತ್ತ ಸುದ್ದಿ ಅವರಿಗೆ ಆಗಲೇ ತಲುಪಿದ ಹಾಗಿದೆ. ಒಬ್ಬ ನನ್ನನ್ನು ನೋಡಿ ಏನೋ ಕೇಳಿದ. "ಕೇಳ್ಸಲ್ಲ" ಎಂದು ಕೈಯಾಡಿಸಿದೆ. ಕಿವುಡಿನಿಂದ ಇಂಥ ಲಾಭವೂ ಇದೆ.

ಕೂತಲ್ಲಿ ಕೂರಲಾಗುತ್ತಿಲ್ಲ. ಪಾತ್ರೆ ತೊಳೆದದ್ದನ್ನೇ ತೊಳೆಯುತ್ತೇನೆ. ನಿನ್ನನ್ನು ಚಡಪಡಿ ಎಂದು ಕರೆಯುತ್ತಿದ್ದೆನಲ್ಲ, ಆ ಹೆಸರು ಈಗ ನನಗೇ ಒಪ್ಪುತ್ತದೆ.

ನಿನ್ನ ಕಾಗದದ ಕೊನೆಯ ಭಾಗ ಓದಿದೆ. ಬರೆಯಲು ಕೂತರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಅಮ್ಮ


ಏಪ್ರಿಲ್ 2

ಮಗಳೇ, ಚಡಪಡಿ,

ಇದೆ! ಕೇಳಿಸಿತು!

ಇವತ್ತು ಬೆಳಗಾಗುವ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ನಿಂತಿದ್ದೆ. ಮಂಜು ಎಷ್ಟಿತ್ತೆಂದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಬಡಗಣ ದಿಕ್ಕಿನಿಂದ ಬಂತು, ಹೂಂ… ಹೂಂ… ಹೂಂ… ಎಂದು ಮೂರು ಸಲ. ಎದೆಗೇ ಬಂದು ತಾಗುವ ಅದೇ ಕೂಗು. ಮಂಡಿ ನೋವು ಎಲ್ಲಿ ಹೋಯಿತೋ, ಅಂಗಳದಲ್ಲಿ ಒಂದು ಸುತ್ತು ಕುಣಿದೇಬಿಟ್ಟೆ. ಔಷಧಿ ಅಂಗಡಿಯವರು ಬೇಲಿಯಾಚೆಯಿಂದ "ಏನಾಯ್ತು, ಹಾವು ಬಂತಾ?" ಎಂದು ಕೇಳಿದರು. "ಹಾವಲ್ಲ, ಹಕ್ಕಿ" ಎಂದು ಅವರ ಕೈ ಹಿಡಿದು ಕುಲುಕಿದೆ. ಮನುಷ್ಯ ಹೆದರಿಕೊಂಡರು.

ನನ್ನ ಮಾತಿಗೆ ಇನ್ನೂ ಬೆಲೆ ಇದ್ದರೆ ಇದನ್ನು ಬರೆದುಕೋ. ಜೌಗು ಉಳಿಯಿತು. ನನಗೆ ಅಳು ಬರುತ್ತಿದೆ, ನಗುವೂ ಬರುತ್ತಿದೆ.

ನಿನ್ನ
ಅಮ್ಮ


ಏಪ್ರಿಲ್ 3

ಅಮ್ಮಾ,

ಕೂತುಕೊಂಡು ಓದು. ಕೊಕ್ಕರೆ ಈಗಷ್ಟೇ ಫೋನ್ ಮಾಡಿದ. ನಿನ್ನೆ ಬೆಳಿಗ್ಗೆ ಕಟ್ಟೆಯ ಮೇಲಿದ್ದಾಗ ತೆಂಕಣ ಜೊಂಡಿನೊಳಗಿಂದ ಕೊಡಹಕ್ಕಿ ಕೂಗಿತಂತೆ. ಇವತ್ತೂ ಕೂಗಿತಂತೆ. ಅವನು ಮಾತಾಡುತ್ತಾ ಅಳುತ್ತಿದ್ದ. "ಅಕ್ಕಾ, ನಾನು ಕೇಳಿದೆ ಅಕ್ಕಾ, ಮಂಜಲ್ಲಿ ಏನೂ ಕಾಣ್ಸಲಿಲ್ಲ, ಆದ್ರೆ ಕೇಳಿದೆ" ಎಂದು ಅದನ್ನೇ ಹೇಳುತ್ತಿದ್ದ. ನಾನು ಆಫೀಸಿನ ಮೆಟ್ಟಿಲ ಮೇಲೆ ಮತ್ತೆ ಕಿರುಚಿದೆ. ಈ ಸಲ ಕಾವಲಿನವರು ಓಡಿಬರಲಿಲ್ಲ, ರೂಢಿಯಾಗಿದೆ.

ನಿನಗೆ ಕೇಳಿಸುತ್ತಿದೆಯಾ? ಮನೆಯಿಂದ ಒಂದಿಷ್ಟು ಹೊರಗೆ ಬಂದು ನಿಲ್ಲು. ನಿನಗೆ ಕೇಳಿಸದೆ ಹೋದರೆ ಈ ಸಂತೋಷ ಅರ್ಧವೇ.

ನಿನ್ನ
ಚಡಪಡಿ


ಏಪ್ರಿಲ್ 14

ಚಡಪಡಿ,

ನಮ್ಮ ಕಾಗದಗಳು ದಾರಿಯಲ್ಲಿ ಎದುರುಬದುರಾಗಿವೆ. ಅವೂ ಒಂದನ್ನೊಂದು ಕಂಡು ಕುಣಿದಿರಬೇಕು.

ಈಗ ದಿನವೂ ಕೇಳಿಸುತ್ತಿದೆ. ಎಂಥ ಶಿಸ್ತಿನ ಹಕ್ಕಿ ಅಂತೀ! ಬ್ಯಾಂಕಿನ ಗುಮಾಸ್ತನ ಹಾಗೆ ಹೊತ್ತಿಗೆ ಸರಿಯಾಗಿ ಬಂದು ಉತ್ತರ ಕೊಟ್ಟು ಹೋಗುತ್ತದೆ. ಮಾತಿಗೆ ಮಾತು ಕೊಡುವವರು ಒಬ್ಬರಿದ್ದರೆ ಮನೆ ಎಷ್ಟು ಬೇರೆಯಾಗಿ ಕಾಣುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು.

ಆದರೆ ನಿನ್ನ ಕೊಕ್ಕರೆಗೆ ದಿಕ್ಕು ತಿಳಿಯುವುದಿಲ್ಲ. ಅದು ತೆಂಕಣದಲ್ಲಿಲ್ಲ, ಬಡಗಣದಲ್ಲಿದೆ, ಅವನ ಮೂಗಿನ ಕೆಳಗೇ. ನನ್ನ ಕಿವಿ ಹೋಗಿರಬಹುದು, ದಿಕ್ಕು ಹೋಗಿಲ್ಲ.

ಅಮ್ಮ


ಏಪ್ರಿಲ್ 24

ಅಮ್ಮ,

ಕೊಕ್ಕರೆ ಆಣೆ ಮಾಡುತ್ತಿದ್ದಾನೆ, ತೆಂಕಣದಲ್ಲೇ, ಹಳೆಯ ಪಂಪ್‌ಹೌಸಿನ ಆಸುಪಾಸು ಎಂದು. ನೀನು ಬಡಗಣ ಎನ್ನುತ್ತೀ. ನಿಮ್ಮಿಬ್ಬರ ದಿಕ್ಕೂ ಸರಿಯಿದ್ದರೆ ಏನರ್ಥ ಹೇಳು? ಒಂದಲ್ಲ ಅಮ್ಮ, ಎರಡು ಗಂಡು! ಎರಡು ಗಂಡು ಜಾಗಕ್ಕೆ ಕಿತ್ತಾಡುತ್ತಿವೆ ಎಂದರೆ ಹೆಣ್ಣೂ ಇರಲೇಬೇಕು. ಸಮಿತಿಯ ಅಧ್ಯಕ್ಷರ ಮುಂದೆ ಹೀಗೆಂದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನೊಂದು ಸುದ್ದಿ. ಸಂಗ್ರಹಾಲಯದಲ್ಲಿ ಧ್ವನಿಗಳಿಗೆಂದೇ ಹೊಸ ಕೋಣೆ ಕಟ್ಟಿದ್ದಾರೆ, ಅದಕ್ಕೆ ನಿನ್ನ ಹೆಸರಿಡುವುದೆಂದು ಮಾತಾಗಿದೆ.

ಪೆಟ್ಟಿಗೆಯಲ್ಲಿ ಬಿದ್ದ ಧ್ವನಿ ಮುಂದಿನ ವಾರ ನನ್ನ ಕೈಗೆ ಬರುತ್ತದೆ. ಸಾಕ್ಷಿ ಅದೊಂದೇ ಬಾಕಿ. ದಿನಕ್ಕೆ ಹತ್ತು ಸಲ ಎದ್ದುಹೋಗಿ ಕ್ಯಾಲೆಂಡರ್ ನೋಡುತ್ತೇನೆ. ಸಂತೋಷಕ್ಕೂ ಹೀಗಾಗುತ್ತದೆಯೇ?

ನಿನ್ನ
ಚಡಪಡಿ


ಮೇ 4

ಅಮ್ಮ,

ಇದನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ಧ್ವನಿ ಬಂತು. ಬಾಗಿಲು ಹಾಕಿ, ಹೆಡ್‌ಫೋನ್ ಏರಿಸಿಕೊಂಡು ಕೂತೆ. ಮೊದಲು ನೀರು, ಕಪ್ಪೆಗಳು, ದೂರದಲ್ಲಿ ಲಾರಿ. ಆಮೇಲೆ ಕೂಗು, ತೆಂಕಣದಿಂದ. ಒಂದು, ಎರಡು, ಮೂರು. ಮೂರನೆಯದು ಮುಗಿದ ಮೇಲೆ, ಸಣ್ಣಗೆ, ನೀರಿನ ಆಚೆಯಿಂದ ಒಂದು ಮಗು ಹೇಳಿತು: "ಹೋಯ್ತಾ ಅಮ್ಮಾ?"

ಯಾವುದೋ ದೋಣಿಯ ಮಗು ಇರಬೇಕು ಎಂದುಕೊಂಡೆ. ಮರುದಿನದ್ದು ಹಾಕಿದೆ. ಮೂರು ಕೂಗು, "ಹೋಯ್ತಾ ಅಮ್ಮಾ?" ಅದರ ಮರುದಿನವೂ ಅದೇ.

ಅದು ನಾನು. ನಿನ್ನ ಕಪಾಟಿನ ಕ್ಯಾಸೆಟ್ಟಿನ ನಾನು. ಮಂಡಿ ನೋವು ಎಂದು ಮನೆಯಲ್ಲಿ ಕೂತವಳು ಬೆಳಗಾಗುವ ಮೊದಲೇ ಟೇಪ್ ರೆಕಾರ್ಡರ್ ಹೊತ್ತು ಪಂಪ್‌ಹೌಸಿಗೆ ಹೋಗಿ, ತಾನೇ ಮಾಡಿದ ನಿಯಮ ಮುರಿದು ಹಕ್ಕಿಯನ್ನು ಕರೆಯುತ್ತಿದ್ದೀ. ನಾನು ಚಿಕ್ಕವಳಿದ್ದಾಗ ಆ ಕ್ಯಾಸೆಟ್ ಹಾಕಿದಾಗಲೆಲ್ಲ ನನ್ನ ಮಾತು ಬರುವ ಮುಂಚೆ ನೀನು ಬೆರಳು ಒತ್ತಿ ನಿಲ್ಲಿಸುತ್ತಿದ್ದೆ. ಈಗ ನಿಲ್ಲಿಸುತ್ತಿಲ್ಲ, ಏಕೆಂದರೆ ಅಲ್ಲೊಂದು ಮಾತಿದೆ ಎಂದು ನಿನಗೆ ಕೇಳಿಸುವುದೇ ಇಲ್ಲ. ಇಷ್ಟು ತಿಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅತ್ತುಬಿಟ್ಟೆ.

ಈಗ ನನ್ನ ಸರದಿ. ಸ್ಪೀಕರ್ ಇಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಮಾರ್ಚ್ ಕೊನೆಗೂ ಏನೂ ಕೇಳದಿದ್ದಾಗ ನಾನೇ ಕೊಕ್ಕರೆಗೆ ಒಂದು ಸ್ಪೀಕರ್ ಕಳಿಸಿದೆ. ಅವನು ಬೇಡವೆಂದ. "ಅಮ್ಮನಿಗೆ ಗೊತ್ತಾದ್ರೆ ನಮ್ಮ ಚರ್ಮ ಸುಲೀತಾರೆ" ಎಂದ. ಗೊತ್ತಾಗುವುದಿಲ್ಲ ಎಂದೆ. ತೆಂಕಣದಿಂದ ಕೂಗು ಕೇಳಿದ ಕೂಡಲೇ ಅವನು ಬಡಗಣದಿಂದ ಸಂಗ್ರಹಾಲಯದ ಕೂಗು ಹಾಕುತ್ತಿದ್ದ. ನೀನು ಕುಣಿದದ್ದು ಅದನ್ನು ಕೇಳಿ. ನೀನು ಮತ್ತೆ ಹಾಕುತ್ತಿದ್ದೆ, ಅವನು ಮತ್ತೆ ಅಳುತ್ತಿದ್ದ.

ನೀನು ನಮಗೆ ಹಕ್ಕಿಯಾದೆ, ನಾವು ನಿನಗೆ ಹಕ್ಕಿಯಾದೆವು. ನಡುವೆ ಮಂಜಿತ್ತು, ಅಷ್ಟೆ. ನಿಜವಾದ ಹಕ್ಕಿಯ ಒಂದು ಕೂಗೂ ಆ ಪೆಟ್ಟಿಗೆಯಲ್ಲಿ ಇಲ್ಲ.

ಸಭೆಗೆ ಒಂದು ತಿಂಗಳಿದೆ. ನಾನು ಸುಮ್ಮನಿದ್ದರೆ ಎರಡು ಗಂಡು, ಒಂದು ಹೆಣ್ಣು ಇರುವ ಜೌಗು ಉಳಿಯುತ್ತದೆ. ಬಾಯಿ ಬಿಟ್ಟರೆ ಏನುಳಿಯುತ್ತದೋ ಗೊತ್ತಿಲ್ಲ. ಏನು ಮಾಡಲಿ ಅಮ್ಮ?

ಚಡಪಡಿ


ಮೇ 16

ಅಮ್ಮ,

ಬೈದಾದರೂ ಒಂದು ಸಾಲು ಬರೆ. ಔಷಧಿ ಅಂಗಡಿಯವರಿಗೆ ಫೋನ್ ಮಾಡಿದ್ದೆ. "ಇದ್ದಾರಮ್ಮಾ, ಹಿತ್ತಿಲಲ್ಲಿ ಬರೀ ಓಡಾಡ್ತಾರೆ, ಯಾರ ಜೊತೇನೂ ಮಾತಿಲ್ಲ" ಎಂದರು.

ಆ ಧ್ವನಿಯನ್ನು ಯಾರಿಗೂ ಕೇಳಿಸಿಲ್ಲ. ಅಧ್ಯಕ್ಷರು ಕೇಳಿದಾಗಲೆಲ್ಲ ಯಂತ್ರ ಕೆಟ್ಟಿದೆ ಎನ್ನುತ್ತಿದ್ದೇನೆ. ನಿನ್ನ ಹೆಸರು ಬಾರದ ಹಾಗೆ ಬರೆಯಲು ನೋಡುತ್ತಿದ್ದೇನೆ. 'ಅಪರಿಚಿತರು ಯಾರೋ ಧ್ವನಿ ಹಾಕಿದ್ದಾರೆ' ಎಂದರೆ ಸಾಲದೇ?

ಚಡಪಡಿ


ಮೇ 23

ಮಗಳೇ,

ಸಾಲದು. ನಾನು ಅಪರಿಚಿತಳಲ್ಲ.

ನಿನ್ನ ಕಾಗದ ಬಂದ ದಿನ ಟೇಪ್ ರೆಕಾರ್ಡರನ್ನು ನೀರಿಗೆ ಎಸೆಯಲು ಹೊರಟೆ. ಅರ್ಧ ದಾರಿಯಲ್ಲಿ, ಜೌಗಿಗೆ ಈಗಾಗಲೇ ಮಾಡಿದ ಉಪಕಾರ ಸಾಕು ಎನ್ನಿಸಿ ತಿರುಗಿ ಬಂದೆ. ಆಮೇಲೆ ನಿನ್ನ ಮೇಲೆ ಉರಿದೆ. ಇಷ್ಟೆಲ್ಲ ಹೇಳಿಕೊಟ್ಟರೂ ಸ್ಪೀಕರ್ ಕಳಿಸಿದಳಲ್ಲ ಎಂದು ಗೋಡೆಗೆ ಬೈದೆ. ಬೈಯುತ್ತಾ ಬೈಯುತ್ತಾ, ಅದೇ ಹೊತ್ತಿಗೆ ನಾನು ಎಲ್ಲಿ ಕೂತು ಏನು ಮಾಡುತ್ತಿದ್ದೆ ಎಂಬುದು ನೆನಪಾಗಿ ನಗು ಬಂತು. ತಾಯಿಗೆ ತಕ್ಕ ಮಗಳು ಎಂದು ಯಾರಾದರೂ ಹೊಗಳಿದರೆ ಇನ್ನು ಮೇಲೆ ನಾವಿಬ್ಬರೂ ತಲೆ ತಗ್ಗಿಸಬೇಕು.

ಒಂದು ವಿಷಯದಲ್ಲಿ ನೀನು ತಪ್ಪು ತಿಳಿದಿದ್ದೀ. ಕ್ಯಾಸೆಟ್ ಎಲ್ಲಿ ನಿಲ್ಲಿಸಬೇಕೆಂದು ನನ್ನ ಬೆರಳಿಗೆ ಗೊತ್ತು, ಅದಕ್ಕೆ ಕಿವಿ ಬೇಕಾಗಿಲ್ಲ. ಬೇಕೆಂದೇ ನಿಲ್ಲಿಸಲಿಲ್ಲ. ಮಾರ್ಚಿನಲ್ಲಿ ನಿನ್ನ ಕಾಗದ ಓದಿದ ಮೇಲೆ ಅದನ್ನು ಹೊರತೆಗೆದೆ. ಹಕ್ಕಿಯನ್ನು ಕೇಳಲಿಕ್ಕಲ್ಲ. ಅಡುಗೆಮನೆಯಲ್ಲಿ ಹಾಕಿದೆ, ಹಕ್ಕಿ ಕೇಳಿಸಿತು, ನೀನು ಕೇಳಿಸಲಿಲ್ಲ. ಕಿವಿಯಂತ್ರ ಹಾಕಿದೆ, ತಗಡಿನ ಸದ್ದು. ಹಿತ್ತಿಲಿಗೆ ಹೋದೆ, ಆಮೇಲೆ ಗೋಡೆ ಬಿಟ್ಟು ಬಯಲಿಗೆ, ನೀರಿನ ಮೇಲೆ ದನಿ ಚೆನ್ನಾಗಿ ಹರಿಯುತ್ತದೆಂದು ಪಂಪ್‌ಹೌಸಿಗೆ ಹೋದೆ. ಅಲ್ಲಿ ಮೊದಲ ದಿನವೇ ಆಚೆ ದಡದಿಂದ ಉತ್ತರ ಬಂತು. ಹಿತ್ತಿಲ ಬಾಗಿಲಲ್ಲಿ ಕೇಳಿದೆ ಎಂದು ನಿನಗೆ ಬರೆದದ್ದು ಸುಳ್ಳು, ಅಂಗಳದಲ್ಲಿ ಕುಣಿದದ್ದು ಮನೆಗೆ ಮರಳಿದ ಮೇಲೆ. ಬಂದ ಮೇಲೆ ಆಸೆ ಹೊತ್ತಿಕೊಂಡಿತು. ಮರುದಿನದಿಂದ ಹಕ್ಕಿಗಾಗಿಯೇ ಹೋದೆ, ನಿಯಮ ಗಿಯಮ ಎಲ್ಲ ಮರೆತೆ. ಆದರೂ ಮೂರನೆಯ ಕೂಗಿನ ಮೇಲೆ ಕ್ಯಾಸೆಟ್ಟನ್ನು ಹಾಗೇ ಓಡಲು ಬಿಡುತ್ತಿದ್ದೆ. ಒಂದು ದಿನವೂ ನೀನು ಕೇಳಿಸಲಿಲ್ಲ. ಕೇಳಿಸುತ್ತಿದ್ದ ಕಾಲದಲ್ಲಿ ನಾನೇ ಕತ್ತರಿಸಿದೆ. ಇದಕ್ಕಿಂತ ಹೆಚ್ಚು ನನಗೆ ಬರೆಯಲು ಬರುವುದಿಲ್ಲ. ನಿನಗೆ ನೋವು ಮಾಡಿದ್ದೇನೆ, ನನಗೆ ಗೊತ್ತಿದೆ.

ಈಗ ಕೆಲಸದ ಮಾತು. 'ಅಳಿದಿದೆ' ಎಂದು ಬರೆಯಲು ಸರಿಯಾದ ರೀತಿಯಲ್ಲಿ ಹುಡುಕಿರಬೇಕು ಎಂದು ನೀನೇ ಬರೆದಿದ್ದೆ. ಈ ಬೇಸಿಗೆಯಲ್ಲಿ ಯಾರು ಸರಿಯಾಗಿ ಹುಡುಕಿದರು? ಈ ಕಡೆಯಿಂದ ಒಂದು ಸುಳ್ಳು ಗಂಡು, ಆ ಕಡೆಯಿಂದ ಇನ್ನೊಂದು. ನಡುವೆ ನಿಜವಾದ ಒಂದು ಹಕ್ಕಿ ಇದ್ದಿದ್ದರೂ ಅದು ರೆಕ್ಕೆ ಮುದುರಿ ಬಾಯಿ ಮುಚ್ಚಿ ಕೂತಿರುತ್ತಿತ್ತು. ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಈ ವರ್ಷದ ಹುಡುಕಾಟ ಕೆಟ್ಟಿದೆ, ಕೆಡಿಸಿದವರು ನಾವು. ಇನ್ನೊಂದು ಬೇಸಿಗೆ ಕೊಡಿ ಎಂದು ಕೇಳು.

ಆದರೆ ಯಾರೋ ಅಪರಿಚಿತರು ಎಂದರೆ ನಂಬುವುದಿಲ್ಲ. ಯಾವ ದಿನ, ಯಾವ ಜಾಗ, ಯಾವ ಕ್ಯಾಸೆಟ್, ಯಾರ ಕೈ, ಎಲ್ಲ ಇರಬೇಕು. ನನ್ನ ಹೆಸರು ಬರೆ. ನಿಯಮ ಮಾಡಿದವಳೇ ಮುರಿದಳು ಎಂದೂ ಬರೆ. ಆ ಕೋಣೆಗೆ ಬೇರೆ ಯಾರ ಹೆಸರಾದರೂ ಇಟ್ಟುಕೊಳ್ಳಲಿ. ಕೋಣೆಯೊಳಗೆ ಕೂತು ನಾನೇನು ಕೇಳಬೇಕಾಗಿದೆ? ಧ್ವನಿಯನ್ನು ಪೂರ್ತಿ ಕೇಳಿಸು. ಈ ಸಲ ಏನನ್ನೂ ಕತ್ತರಿಸಬೇಡ.

ಅಮ್ಮ


ಜೂನ್ 8

ಅಮ್ಮ,

ಸಭೆ ಮುಗಿಯಿತು. ನೀನು ಹೇಳಿದ ಹಾಗೇ ಎಲ್ಲವನ್ನೂ ಓದಿದೆ, ಧ್ವನಿಯನ್ನು ಪೂರ್ತಿ ಕೇಳಿಸಿದೆ. "ಹೋಯ್ತಾ ಅಮ್ಮಾ?" ಬಂದಾಗ ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ಅಧ್ಯಕ್ಷರು, "ಅಂದ್ರೆ ನಿಮ್ಮ ತಾಯೀನೂ ನೀವೂ ಇಷ್ಟು ದಿನ ಒಬ್ಬರಿಗೊಬ್ಬರು ಕೂಗ್ತಾ ಇದ್ರಿ?" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು "ಹೌದು" ಎಂದೆ. ಕಿವಿಯೆಲ್ಲ ಬಿಸಿಯಾಗಿತ್ತು.

ಎರಡು ಗಂಟೆ ಜಗಳವಾಯಿತು. ಗೋದಾಮಿನವರ ಪರವಾಗಿ ಬಂದವರು, ತಪ್ಪು ಮಾಡಿದವರಿಗೆ ಬಹುಮಾನ ಕೊಟ್ಟ ಹಾಗಾಗುತ್ತದೆ ಎಂದರು. ಅದರಲ್ಲಿ ಸ್ವಲ್ಪ ನಿಜವೂ ಇದೆ ಎಂದು ನನಗೇ ಅನ್ನಿಸಿತು. ಕೊನೆಗೆ ಅಧ್ಯಕ್ಷರು, ಅನುಮಾನ ಉಳಿದಿರುವಾಗ 'ಅಳಿದಿದೆ' ಎಂದು ಬರೆಯುವ ಹಾಗಿಲ್ಲ ಎಂದರು. ಕೊಡಹಕ್ಕಿ ಇನ್ನೊಂದು ವರ್ಷ 'ಅಳಿವಿನ ಅಂಚಿನಲ್ಲಿ' ಇರುತ್ತದೆ. ಜೌಗಿನ ನೀರು ಮುಟ್ಟುವಂತಿಲ್ಲ. ಮುಂದಿನ ಬೇಸಿಗೆಯಲ್ಲಿ ಯಾರೂ ಧ್ವನಿ ಹಾಕದೆ, ಬರೀ ಕೂತು ಕೇಳಬೇಕು. ಆಗಲೂ ಇಲ್ಲವೆಂದರೆ ಇಲ್ಲ.

ಕೋಣೆಗೆ ನಿನ್ನ ಹೆಸರಿಡುವುದು ನಿಂತಿತು. ನನ್ನನ್ನು ಬರಹದ ಕೆಲಸದಿಂದ ತೆಗೆದಿದ್ದಾರೆ. ಆದರೆ ಕೇಳುವ ಕೆಲಸಕ್ಕೆ ಯಾರು ಹೋಗುತ್ತೀರಿ ಎಂದಾಗ ನಾನು ಕೈ ಎತ್ತಿದೆ, ಬೇರೆ ಯಾರೂ ಎತ್ತಲಿಲ್ಲ. ಫೆಬ್ರವರಿಗೆ ಬರುತ್ತೇನೆ. ನಿನಗೆ ಕೇಳಿಸದ್ದನ್ನು ನಾನು ಕೇಳುತ್ತೇನೆ, ಸುಮ್ಮನೆ ಕೂರುವುದು ನನಗೆ ಬಾರದು, ಅದನ್ನು ನೀನು ಹೇಳಿಕೊಡು. ಹಾಸಿಗೆ ಬಿಸಿಲಿಗೆ ಹಾಕಿಡು.

ನಿನ್ನ
ಚಡಪಡಿ


ಏಪ್ರಿಲ್ 26, ಬೆಳಿಗ್ಗೆ, ಪಂಪ್‌ಹೌಸಿನ ಕಟ್ಟೆ

ಅಮ್ಮ,

ಪಕ್ಕದಲ್ಲೇ ಕೂತವಳಿಗೆ ಕಾಗದ ಬರೆಯುವವರು ಲೋಕದಲ್ಲಿ ನಾವಿಬ್ಬರೇ ಇರಬೇಕು. ಇಲ್ಲಿ ಮಾತಾಡುವ ಹಾಗಿಲ್ಲ, ಪಿಸುಗುಟ್ಟಿದರೆ ನಿನಗೆ ಕೇಳಿಸುವುದಿಲ್ಲ, ಇನ್ನೇನು ಮಾಡಲಿ.

ಇವತ್ತೂ ಏನಿಲ್ಲ. ಕಪ್ಪೆ, ನೀರುಕೋಳಿ, ಕಟ್ಟೆಯ ಮೇಲೆ ಸೈಕಲ್ಲು. ಎರಡು ತಿಂಗಳಿನಿಂದ ಇದನ್ನೇ ಬರೆದು ತೋರಿಸುತ್ತಿದ್ದೇನೆ, ನೀನು ತಲೆಯಾಡಿಸಿ ಮತ್ತೆ ನೀರಿನ ಕಡೆ ತಿರುಗುತ್ತೀ. ಅದು ಕೂಗುವ ಕಾಲ ಮುಗಿಯಲು ಇನ್ನು ಕೆಲವೇ ದಿನ. ಆಮೇಲೆ ಸಮಿತಿಗೆ ನಾನು ಒಂದು ಮಾತು ಹೇಳಬೇಕು. ಆ ಮಾತನ್ನು ನೆನೆದರೆ ಕೂತಲ್ಲೇ ಬೆವರುತ್ತೇನೆ.

ಒಂದು ಪ್ರಶ್ನೆ ಇದೆ, ನಾನು ಐದು ವರ್ಷದವಳಿದ್ದಾಗ ಕೇಳಿದ್ದು. ನೀನು ಯಂತ್ರ ನಿಲ್ಲಿಸಿದೆ, ಉತ್ತರ ಕೊಡಲಿಲ್ಲ. ಮತ್ತೆ ಕೇಳುತ್ತಿದ್ದೇನೆ.

ಹೋಯ್ತಾ ಅಮ್ಮಾ?

ಚಡಪಡಿ


ಅದೇ ದಿನ, ಅದೇ ಹಾಳೆಯ ಹಿಂಬದಿ

ಮಗಳೇ,

ಕಾಲು ಆಡಿಸಬೇಡ. ನಾವು ಕೂತ ಹಲಗೆ ಅಲ್ಲಾಡುವುದು ನನಗೆ ಇಲ್ಲಿವರೆಗೂ ಗೊತ್ತಾಗುತ್ತಿದೆ.

ಹೋಯಿತೋ ಇದೆಯೋ ನನಗೆ ಗೊತ್ತಿಲ್ಲ. ಆವತ್ತೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಂದು ಮಗುವಿಗೆ ಹೇಳಲು ಬಾರದೆ ಯಂತ್ರ ನಿಲ್ಲಿಸಿದೆ. 'ಅಳಿದಿದೆ' ಎಂದು ಹೇಳಬೇಕಾಗಿ ಬಂದರೆ ಸಮಿತಿಯ ಮುಂದೆ ನಾನೂ ನಿನ್ನ ಜೊತೆ ಬಂದು ನಿಲ್ಲುತ್ತೇನೆ. ಇನ್ನೂ ಮಂಜು ಇದೆ, ಬಿಸಿಲೇರಲು ಹೊತ್ತಿದೆ. ನನ್ನ ಕೈ ಹಿಡಿದುಕೊಂಡು ಕೂತ್ಕೊ. ಏನಾದರೂ ಕೇಳಿಸಿದರೆ ಬರೆಯುತ್ತಾ ಕೂರಬೇಡ, ಕೈ ಅದುಮು.

ಅಮ್ಮ